ಫ್ರೆಂಚ್ ಸ್ವಾಮಿಗಳ ಹಳ್ಳಿಗುಡಿಗಳು: ಗಂಜಾಂನಿಂದ ಶೆಟ್ಟಿಹಳ್ಳಿಯವರೆಗೆ

ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರು ಕೋಟೆ, ರಂಗನಾಥನ ಗುಡಿ, ದರಿಯಾ ದೌಲತ್ ನೋಡಿಕೊಂಡು ಗುಂಬಜ್ ಕಡೆಗೆ ಗಾಡಿ ಓಡಿಸುತ್ತಾರೆ. ಆ ಹಾದಿಯ ಗಂಜಾಂನಲ್ಲೇ ಇರುವ ಅಬ್ಬೆ ದುಬಾಯ್ ಚರ್ಚಿಗೆ ಹೊರಳುವವರು ಬಲು ಕಡಿಮೆ. ಹೊರಳಿದವರಿಗೂ ಅಲ್ಲಿ ಬೆರಗಾಗುವಂಥದ್ದು ಏನೂ ಸಿಕ್ಕುವುದಿಲ್ಲ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಮುಗಿಲು ಮುಟ್ಟುವ ಜೋಡಿ ಗೋಪುರಗಳನ್ನು ನೋಡಿ ಬಂದ ಕಣ್ಣಿಗೆ ಇದು ತೀರ ಸಾದಾ ಕಟ್ಟಡ. ಆದರೆ ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕ್ರೈಸ್ತ ದೇವಾಲಯ ಹೇಗೆ ಬೇರು ಬಿಟ್ಟಿತು ಎಂದು ತಿಳಿಯಬೇಕಾದರೆ ಮೈಸೂರಿಗಿಂತ ಮೊದಲು ಗಂಜಾಂಗೆ ಬರಬೇಕು, ಪಕ್ಕದ ಪಾಲಹಳ್ಳಿಗೆ ಹೋಗಬೇಕು, ಹಾಸನದ ಹೇಮಾವತಿ ಹಿನ್ನೀರಿನವರೆಗೆ ನಡೆಯಬೇಕು.

ಇವುಗಳಲ್ಲಿ ಬಹುಪಾಲು ಗುಡಿಗಳನ್ನು ಕಟ್ಟಿಸಿದವರು ಫ್ರಾನ್ಸಿನ ಹಳ್ಳಿಗಳಿಂದ ಬಂದ ಪಾದ್ರಿಗಳು. ನಮ್ಮ ಕಡೆಯ ಕಥೋಲಿಕರ ಮಾತಿನಲ್ಲಿ ಅವರು ‘ಸ್ವಾಮಿಗಳು’. ಹಾಗಾದರೆ ಈ ಗುಡಿಗಳಲ್ಲಿ ಫ್ರಾನ್ಸಿನದು ಎಷ್ಟು, ನಮ್ಮದು ಎಷ್ಟು? ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ಗಾಥಿಕ್ ಶೈಲಿ’ ಎಂಬ ಒಂದೇ ಮಾತು. ಚೂಪು ಕಮಾನು ಕಂಡ ಕೂಡಲೆ ಗಾಥಿಕ್ ಎಂದು ಬರೆದು ಮುಂದೆ ಹೋಗುವುದು ನಮ್ಮ ಪ್ರವಾಸಿ ಬರಹಗಳ ರೂಢಿ. ಆ ಉತ್ತರ ಸಾಲದು ಎಂಬುದು ನನ್ನ ವಾದ. ಕಮಾನಿಗಿಂತ ಆಳದಲ್ಲಿ ಇನ್ನೇನೋ ಫ್ರಾನ್ಸಿನಿಂದ ಬಂತು. ಕಮಾನಿನ ಕೆಳಗಿನ ಗೋಡೆ, ಗಾರೆ, ಕೈಕೆಲಸವೆಲ್ಲ ಇಲ್ಲಿಯದೇ ಆಗಿತ್ತು.

ಮೊದಲು ಫ್ರಾನ್ಸಿನ ಹಳ್ಳಿಯ ಚರ್ಚು ಎಂದರೇನು ಎಂದು ನೋಡೋಣ. ಆ ದೇಶದಲ್ಲಿ ಸುಮಾರು 40 ಸಾವಿರ ಚರ್ಚುಗಳಿವೆ. ಹಳ್ಳಿಯಿಲ್ಲದ ಚರ್ಚುಂಟು, ಚರ್ಚಿಲ್ಲದ ಹಳ್ಳಿ ಅಪರೂಪ. ಅವುಗಳಲ್ಲಿ ಎಷ್ಟೋ ಕಟ್ಟಡಗಳ ಬುಡ 11, 12ನೇ ಶತಮಾನದ್ದು. ಆ ಕಾಲದ ಶೈಲಿಗೆ ರೋಮನೆಸ್ಕ್ ಎನ್ನುತ್ತಾರೆ: ದಪ್ಪ ಕಲ್ಲುಗೋಡೆ, ಅರ್ಧವೃತ್ತದ ಕಮಾನು, ಕೊಳವೆಯಂತೆ ಉದ್ದಕ್ಕೆ ಸಾಗುವ ಕಲ್ಲಿನ ಚಾವಣಿ, ಕಿರಿದಾದ ಕಿಟಕಿ, ಒಳಗೆ ನಡುಬೇಸಿಗೆಯಲ್ಲೂ ತಂಪು ಕತ್ತಲೆ. ಬಲಿಪೀಠ ಪೂರ್ವ ದಿಕ್ಕಿಗೆ, ಅದರ ಹಿಂದಿನ ಗೋಡೆ ಅರ್ಧಚಂದ್ರಾಕಾರ. ಬಾಗಿಲು ಪಶ್ಚಿಮಕ್ಕೆ. ಸುತ್ತ ಸಮಾಧಿಗಳು. 12ನೇ ಶತಮಾನದ ನಡುವಿನಲ್ಲಿ ಪ್ಯಾರಿಸ್ ಸುತ್ತಮುತ್ತ ಚೂಪು ಕಮಾನಿನ ಗಾಥಿಕ್ ಹುಟ್ಟಿತು. ಅದು ನಗರಗಳ ಕೆಥೆಡ್ರಲ್‌ಗಳಲ್ಲಿ ಮೆರೆಯಿತು. ಹಳ್ಳಿಗಳು ತಮ್ಮ ಹಳೆಯ ಗೋಡೆಗಳನ್ನೇ ಉಳಿಸಿಕೊಂಡು, ಒಂದು ಪಕ್ಕಸಾಲನ್ನೋ ಗೋಪುರವನ್ನೋ ಸೇರಿಸಿಕೊಂಡು ಬಂದವು. ಆದ್ದರಿಂದ ಅಲ್ಲಿನ ಒಂದೊಂದು ಹಳ್ಳಿಚರ್ಚಿನಲ್ಲೂ ಐದಾರು ಶತಮಾನಗಳ ಕೆಲಸ ಒಂದರ ಮೇಲೊಂದು ಕೂತಿರುತ್ತದೆ.

ದಕ್ಷಿಣ ಫ್ರಾನ್ಸಿನ ಹಳ್ಳಿಗಳಲ್ಲಿ ಇನ್ನೊಂದು ಬಗೆಯುಂಟು. ಗೋಪುರ ಕಟ್ಟುವಷ್ಟು ಹಣವಿಲ್ಲದ ಊರವರು ಮುಂಭಾಗದ ಗೋಡೆಯನ್ನೇ ಮೇಲಕ್ಕೆ ಏರಿಸಿ, ಅದರಲ್ಲಿ ಒಂದೋ ಎರಡೋ ಕಮಾನುಗಂಡಿ ಬಿಟ್ಟು ಗಂಟೆ ತೂಗುಹಾಕಿದರು. ಹಳೆ ಮೈಸೂರಿನ ಚಿಕ್ಕ ಚರ್ಚುಗಳ ಮುಖ ನೋಡಿದವರಿಗೆ ಈ ಏರುಗೋಡೆಯ ಪರಿಚಯ ಇದ್ದೇ ಇರುತ್ತದೆ.

ಇದೇ ಕಾಲದಲ್ಲಿ ನಮ್ಮ ಕಡೆ ಏನು ನಡೆಯುತ್ತಿತ್ತು ಎಂಬುದನ್ನೂ ಜೊತೆಯಲ್ಲಿಟ್ಟು ನೋಡಬೇಕು. ಮಳವಳ್ಳಿ ಪಕ್ಕದ ಮಾರೇಹಳ್ಳಿಯಲ್ಲಿ ಚೋಳರ ಕಾಲದ ನರಸಿಂಹನ ಗುಡಿ ಎದ್ದಿತ್ತು. ಮದ್ದೂರು ಹೊಯ್ಸಳರ ಕಾಲದಲ್ಲಿ ಉಗ್ರನರಸಿಂಹನ ಊರಾಗಿತ್ತು. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ಹರಿಹರ ದಂಡನಾಯಕ ಮಲ್ಲಿಕಾರ್ಜುನ ದೇವಾಲಯ ಕಟ್ಟಿಸಿದಾಗ ಫ್ರಾನ್ಸಿನ ಅಮಿಯೆನ್ಸ್ ಕೆಥೆಡ್ರಲ್ ಇನ್ನೂ ಅರ್ಧಕ್ಕೆ ನಿಂತಿತ್ತು. ಹಳ್ಳಿಯೊಂದು ತನ್ನ ದೇವರಿಗೆ ಕಲ್ಲಿನ ಮನೆ ಕಟ್ಟುವ ವಿದ್ಯೆಯನ್ನು ಯಾರೂ ಹೊರಗಿನಿಂದ ಬಂದು ಈ ಸೀಮೆಗೆ ಕಲಿಸಬೇಕಾಗಿರಲಿಲ್ಲ. ಆದರೆ ಗುಡಿ ಕಟ್ಟಲು ಶಿಲ್ಪಿಯಷ್ಟೇ ಭೂಮಿಯೂ ಬೇಕು. ಬಸರಾಳಿಗೆ ಅಗ್ರಹಾರದ ದತ್ತಿಯಿತ್ತು, ಫ್ರಾನ್ಸಿನ ಹಳ್ಳಿಚರ್ಚಿಗೆ ರೈತನ ಬೆಳೆಯ ಹತ್ತನೇ ಒಂದು ಪಾಲು ಬರುತ್ತಿತ್ತು. ಇಲ್ಲಿಗೆ ಬಂದ ಸ್ವಾಮಿಗಳ ಕೈಯಲ್ಲಿ ಇವೆರಡೂ ಇರಲಿಲ್ಲ. ಅವರ ಗುಡಿಗಳು ಬಡವಾಗಿದ್ದದ್ದಕ್ಕೆ ಮೊದಲ ಕಾರಣ ಇದು.

ಫ್ರೆಂಚರಿಗಿಂತ ಮೊದಲು ಬಂದವರು ಜೆಸುಯಿಟರು. ಇಟಲಿಯ ಲಿಯೊನಾರ್ಡೊ ಚಿನ್ನಾಮಿ 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಶುರುಮಾಡಿದ. ಆಗ ಪಟ್ಟದಲ್ಲಿದ್ದವರು ಕಂಠೀರವ ನರಸರಾಜ ಒಡೆಯರು. ಈ ಪಾದ್ರಿಗಳು ಸಂನ್ಯಾಸಿಗಳಂತೆ ಉಟ್ಟು, ಕನ್ನಡ ಕಲಿತು, ಊರೂರು ತಿರುಗಿದರು. ಅವರ ಕಾಲದ ಚರ್ಚುಗಳೆಂದರೆ ಬಹುಪಾಲು ಮಣ್ಣುಗೋಡೆಯ, ಹುಲ್ಲು ಹೊದಿಸಿದ ಮನೆಗಳು. 1773ರಲ್ಲಿ ಪೋಪ್ ಜೆಸುಯಿಟ್ ಸಂಘವನ್ನೇ ವಿಸರ್ಜಿಸಿದ ಮೇಲೆ ದಕ್ಷಿಣದ ಈ ಕೆಲಸ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಪಾಲಿಗೆ ಬಂತು. 17ನೇ ಶತಮಾನದಲ್ಲಿ ಹುಟ್ಟಿ, ರ್ಯೂ ದ್ಯು ಬಾಕ್ ಎಂಬ ಬೀದಿಯಲ್ಲಿ ಇಂದಿಗೂ ಇರುವ ಸಂಘ ಅದು. ಮುಂದಿನ ಒಂದೂವರೆ ಶತಮಾನಕ್ಕೂ ಮೀರಿ ಮೈಸೂರು ಸೀಮೆಯ ಕಥೋಲಿಕರ ಇತಿಹಾಸ ಈ ಸಂಘದ ಇತಿಹಾಸವೇ.

ನಡುವೆ ಟಿಪ್ಪುವಿನ ಕಾಲ. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದದ್ದು, ಚರ್ಚುಗಳು ನೆಲಕ್ಕುರುಳಿದ್ದು, ಸೆರೆಯವರಲ್ಲಿ ಎಷ್ಟೋ ಜನ ಮತ ಬದಲಿಸಬೇಕಾಗಿ ಬಂದದ್ದು ಮರೆಯಲಾಗದ ಇತಿಹಾಸ. ಅದೇ ಸುಲ್ತಾನನ ಪಾಳೆಯದಲ್ಲಿ ಫ್ರೆಂಚ್ ಸಿಪಾಯಿಗಳೂ ಇದ್ದರು. ಹೈದರ್-ಟಿಪ್ಪು ಕಾಲದ ಫ್ರೆಂಚ್ ದಳ ಬೀಡುಬಿಟ್ಟಿದ್ದರಿಂದಲೇ ಹಿರೋಡೆಯ ಬಂಡೆಗಳಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಾಯಿತು; ಇಂದಿನ ಪಾಂಡವಪುರ ಬಹುಕಾಲ ಆ ಹೆಸರಿನಲ್ಲೇ ಇತ್ತು. 1797ರಲ್ಲಿ ರಿಪೋ ಎಂಬ ನಾವಿಕನ ಮುಂದಾಳುತನದಲ್ಲಿ ಈ ಫ್ರೆಂಚರು ಶ್ರೀರಂಗಪಟ್ಟಣದಲ್ಲಿ ಫ್ರೆಂಚ್ ಕ್ರಾಂತಿಯ ಕ್ಲಬ್ಬು ಮಾಡಿಕೊಂಡು, ಸ್ವಾತಂತ್ರ್ಯದ ಮರ ನೆಟ್ಟು, ಗಣರಾಜ್ಯಕ್ಕೆ ಪ್ರತಿಜ್ಞೆ ತೊಟ್ಟರು.

ಈ ಘಟನೆಯ ಇನ್ನೊಂದು ಮಗ್ಗುಲು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಆ ಕ್ರಾಂತಿಯೇ ಫ್ರಾನ್ಸಿನ ಹಳ್ಳಿಚರ್ಚುಗಳಿಗೆ ಬೀಗ ಹಾಕಿಸಿತ್ತು. 1789ರ ನವೆಂಬರಿನಲ್ಲಿ ಚರ್ಚಿನ ಆಸ್ತಿಯೆಲ್ಲ ರಾಷ್ಟ್ರದ ವಶವಾಯಿತು. ಗಂಟೆಗಳನ್ನು ಇಳಿಸಿ ಕರಗಿಸಿ ನಾಣ್ಯ ಮತ್ತು ಫಿರಂಗಿ ಮಾಡಿದರು. ಎಷ್ಟೋ ಚರ್ಚುಗಳು ಕಣಜವಾದವು, ಲಾಯವಾದವು, ಕಲ್ಲಿನ ಲೆಕ್ಕದಲ್ಲಿ ಮಾರಾಟವಾದವು. ಆರ್ದೆಶ್ ಸೀಮೆಯ ಸೇಂಟ್ ರೆಮೆಜ್ ಎಂಬ ಹಳ್ಳಿಯ ಝಾನ್ ಆಂತ್ವಾನ್ ದುಬಾಯ್ 1792ರಲ್ಲಿ ಗುರುದೀಕ್ಷೆ ಪಡೆದ ವರ್ಷವೇ ದೇಶ ಬಿಟ್ಟು ಹೊರಟ. ತನ್ನ ಊರಿನ ಗುಡಿ ಉಳಿಯುತ್ತದೋ ಇಲ್ಲವೋ ತಿಳಿಯದ ಕಾಲದಲ್ಲಿ ಮನೆ ಬಿಟ್ಟ ಯುವಕ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ, ಗುಡಿಗಳೇ ಉಳಿದಿರದ ಸೀಮೆಗೆ ಬಂದ. ಹಾಗೆ ಬಂದವನು 1823ರವರೆಗೆ ಇಲ್ಲೇ ಇದ್ದ.

ದುಬಾಯ್ ಗಂಜಾಂನಲ್ಲಿ ನೆಲೆ ಮಾಡಿಕೊಂಡ. ಟಿಪ್ಪು ಶಿರಾದಿಂದ ಸಾವಿರಾರು ಕುಟುಂಬಗಳನ್ನು ಕರೆತಂದು ಕೂರಿಸಿದ ಪೇಟೆ ಅದು. ರಾಜಧಾನಿ ಮೈಸೂರಿಗೆ ಹೋದ ಮೇಲೆ ದ್ವೀಪದ ಜನಸಂಖ್ಯೆ ಇಳಿಯುತ್ತಾ ಬಂತು; ಜ್ವರದ ಕಾಟ ಬೇರೆ. ಅಂಥ ಕಡೆ ಚೆದುರಿಹೋದ ಕ್ರೈಸ್ತ ಮನೆಗಳನ್ನು ಮತ್ತೆ ಒಟ್ಟುಗೂಡಿಸುವುದು ಅವನ ಕೆಲಸವಾಯಿತು. ಪೇಟ ಸುತ್ತಿ, ಬಿಳಿಯ ನಿಲುವಂಗಿ ತೊಟ್ಟು, ಇಲ್ಲಿಯ ಊಟ ಉಂಡ ಅವನನ್ನು ಜನ ದೊಡ್ಡಸ್ವಾಮಿಯವರು ಎಂದು ಕರೆದರು. ಥಾಮಸ್ ಹಿಕ್ಕಿ ಬರೆದ ಅವನ ಭಾವಚಿತ್ರದಲ್ಲಿ ಈ ಉಡುಪೇ ಇದೆ. ಸಿಡುಬಿಗೆ ದಾಕು ಹಾಕುವ ಹೊಸ ವಿಧಾನವನ್ನು ಮೈಸೂರು ಸೀಮೆಯಲ್ಲಿ ಹರಡಿ, 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನಕ್ಕೆ ದಾಕು ಹಾಕಿಸಿದ. ಹಾಸನದ ಬಳಿ ಸಾತಹಳ್ಳಿಯಲ್ಲಿ ಬೇಸಾಯಗಾರ ಕ್ರೈಸ್ತರ ಊರು ನೆಲೆಗೊಳ್ಳಲು ನೆರವಾದ. ಅವನ ಹೆಸರು ಲೋಕಕ್ಕೆ ಗೊತ್ತಾದದ್ದು ಹಿಂದೂ ಆಚಾರ ವಿಚಾರಗಳ ಮೇಲಿನ ಪುಸ್ತಕದಿಂದ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. ಅದರ ಬಹುಭಾಗ ಹಿಂದಿನ ಜೆಸುಯಿಟ್ ಪಾದ್ರಿ ಕೇರ್ದೂ ಬರೆದಿಟ್ಟಿದ್ದರ ಮೇಲೆ ನಿಂತಿದೆ ಎಂದು ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿದರು. ಪುಸ್ತಕದ ಬಗ್ಗೆ ಬಂದಷ್ಟು ಬರಹ ಅವನ ಗುಡಿಗಳ ಬಗ್ಗೆ ಬಂದಿಲ್ಲ ಎಂಬುದು ನನಗೆ ನೋವಿನ ಸಂಗತಿ. ಊರವರ ಜೊತೆ ಅವನು ಬಾಳಿದ ಬಾಳಿಗೆ ಪುಸ್ತಕಕ್ಕಿಂತ ಗುಡಿಯೇ ಹತ್ತಿರದ ಸಾಕ್ಷಿ.

ಗಂಜಾಂನ ಆ ಗುಡಿಯಲ್ಲಿ ಗಾಥಿಕ್ ಹುಡುಕಬೇಡಿ. ಉದ್ದನೆಯ ಒಂದು ಅಂಕಣ, ಕೊನೆಯಲ್ಲಿ ಪೀಠ, ಸುಣ್ಣ ಬಳಿದ ಗೋಡೆ: ಇಷ್ಟಿದ್ದರೆ ಆ ಕಾಲಕ್ಕೆ ಸಾಕಾಗಿತ್ತು. ಬೆಂಗಳೂರಿನಲ್ಲೂ ಅವನು 1818ರಲ್ಲಿ ಬ್ಲಾಕ್‌ಪಳ್ಳಿಯಲ್ಲಿ, ಅಂದರೆ ಇಂದಿನ ಶಿವಾಜಿನಗರದಲ್ಲಿ, ಚಿಕ್ಕ ಪ್ರಾರ್ಥನಾಲಯವನ್ನೇ ಕಟ್ಟಿಸಿದ್ದು. ಫ್ರಾನ್ಸಿನಿಂದ ಅವನು ಹೊತ್ತು ತಂದದ್ದು ನಕ್ಷೆಯನ್ನಲ್ಲ, ಹಳ್ಳಿಗೊಂದು ಗುಡಿ ಬೇಕು ಎಂಬ ಹಟವನ್ನು. ಗುಡಿಯ ಜೊತೆ ಗಂಟೆ, ಗಂಟೆಯ ಜೊತೆ ದಿನದ ಮೂರು ಹೊತ್ತಿನ ಪ್ರಾರ್ಥನೆ, ಜ್ಞಾನಸ್ನಾನ-ಮದುವೆ-ಮರಣ ಬರೆದಿಡುವ ದಫ್ತರ, ಪಕ್ಕದಲ್ಲಿ ಸಮಾಧಿಭೂಮಿ, ಪಾಠ ಹೇಳುವ ಉಪದೇಶಿ. ಫ್ರಾನ್ಸಿನ ಹಳ್ಳಿಯ ಜೀವನವನ್ನು ನೂರಾರು ವರ್ಷ ಕಟ್ಟಿಹಿಡಿದ ಏರ್ಪಾಡು ಇದು. ಕಮಾನಿಗಿಂತ ಆಳದಲ್ಲಿ ಬಂದದ್ದು ಎಂದೆನಲ್ಲ, ಅದು ಇದೇ.

1850ರಲ್ಲಿ ಮೈಸೂರು ಪ್ರತ್ಯೇಕ ಅಪೋಸ್ತಲಿಕ ವಿಕಾರಿಯೇಟ್, ಅಂದರೆ ಮೇತ್ರಾಣಿಯೊಬ್ಬರ ಆಡಳಿತದ ಮಿಷನ್ ಪ್ರಾಂತ, ಆಯಿತು. ಮೊದಲ ಮೇತ್ರಾಣಿ ಎತಿಯೆನ್ ಲೂಯಿ ಶಾರ್ಬೊನೊ. ಅವರ ಕಾಲದಲ್ಲಿ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟು ಬಂತು, 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಬಂತು. ಹೊಸದಾಗಿ ಹಡಗಿನಿಂದಿಳಿದ ಸ್ವಾಮಿ ಹಳ್ಳಿಗೆ ಹೋಗುವ ಮೊದಲು ಕನ್ನಡ ಕಲಿಯಲೇಬೇಕಾಗಿತ್ತು. ಗುಡಿಗಳ ಸಂಖ್ಯೆ ಏರಿದ್ದೂ ಈ ಕಾಲದಿಂದಲೇ. ಹಣ ಎಲ್ಲಿಂದ ಬಂತು? 1822ರಲ್ಲಿ ಲಿಯೋನ್ ನಗರದಲ್ಲಿ ಪೋಲಿನ್ ಝಾರಿಕೊ ಎಂಬ ಹೆಣ್ಣುಮಗಳು ಹುಟ್ಟುಹಾಕಿದ ವಿಶ್ವಾಸ ಪ್ರಸಾರ ಸಂಘದ ಸದಸ್ಯರು ವಾರಕ್ಕೆ ಒಂದು ಸೂ, ಅಂದರೆ ಒಂದು ಚಿಲ್ಲರೆ ಕಾಸು, ಕೊಡಬೇಕಾಗಿತ್ತು. ಹತ್ತು ಜನಕ್ಕೆ ಒಬ್ಬರು ವಸೂಲಿಗಾರರು. ಲಿಯೋನ್ ರೇಷ್ಮೆ ನೇಕಾರರ ಊರು. ಹೀಗೆ ಕೂಡಿದ ಕಾಸು ಏಷ್ಯಾ, ಆಫ್ರಿಕಾ, ಅಮೆರಿಕದ ಮಿಷನ್‌ಗಳಿಗೆ ಹಂಚಿಹೋಗುತ್ತಿತ್ತು. ಅದರಲ್ಲಿ ಮೈಸೂರಿನ ಪಾಲಿಗೆ ಬಂದದ್ದಕ್ಕೆ ಊರವರ ದುಡಿಮೆ ಸೇರಿದರೆ ಒಂದು ಗುಡಿ. ಜಮೀನಿನ ದತ್ತಿ ಇಲ್ಲದ ಗುಡಿಗೆ ಇದೇ ದತ್ತಿ.

ಕಟ್ಟಡದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಗಿನ ಹಳ್ಳಿಗುಡಿಗೆ ವಾಸ್ತುಶಿಲ್ಪಿ ಇರುತ್ತಿರಲಿಲ್ಲ. ಸ್ವಾಮಿಗಳೇ ಕಾಗದದ ಮೇಲೆ ಗೆರೆ ಹಾಕಿ, ತಮ್ಮ ಊರಿನ ಚರ್ಚಿನ ನೆನಪಿನಲ್ಲಿ ಉದ್ದಗಲ ಹೇಳುತ್ತಿದ್ದರು. ಅದನ್ನು ಕೈಗೆ ತರುತ್ತಿದ್ದವರು ಇಲ್ಲಿಯ ಗಾರೆ ಮೇಸ್ತ್ರಿಗಳು. ಪಾಯಕ್ಕೆ ಕಾಡುಗಲ್ಲು, ಗೋಡೆಗೆ ಊರ ಕೆರೆಯ ಮಣ್ಣಿನಿಂದ ಸುಟ್ಟ ಇಟ್ಟಿಗೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ಗುಂಡಿಯಲ್ಲಿ ನೀರು ಹಾಯಿಸಿ ಅರಳಿಸಿ, ದಿನಗಟ್ಟಲೆ ಕೊಳೆಯಲು ಬಿಡುತ್ತಿದ್ದರು. ಆಮೇಲೆ ಅದು ಗಾರೆ ಗಾಣಕ್ಕೆ. ನೆಲದಲ್ಲಿ ಬಳೆಯಾಕಾರದ ಕಲ್ಲಿನ ಕಾಲುವೆ, ನಡುವೆ ಗೂಟ, ಗೂಟಕ್ಕೆ ಕಟ್ಟಿದ ಮರದ ಅಚ್ಚು, ಅಚ್ಚಿಗೆ ಕಲ್ಲಿನ ಗಾಲಿ. ಎತ್ತು ಸುತ್ತುತ್ತಾ ಹೋದ ಹಾಗೆ ಗಾಲಿ ಸುಣ್ಣವನ್ನೂ ಮರಳನ್ನೂ ಅರೆದು ಬೆಣ್ಣೆ ಮಾಡುತ್ತಿತ್ತು. ಅದಕ್ಕೆ ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು. ನುಣುಪು ಗಾರೆಗೆ ಮೊಟ್ಟೆಯ ಬಿಳಿ. ಬೆಲ್ಲಕ್ಕೆ ನಮ್ಮ ಕಡೆ ಆಗಲೂ ಬರವಿರಲಿಲ್ಲ: ಕೃಷ್ಣರಾಜಸಾಗರದ ನಾಲೆಯ ಕಬ್ಬು ಬರುವುದಕ್ಕೂ ಎಷ್ಟೋ ಮೊದಲೇ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ನಡೆಯುತ್ತಿತ್ತು.

ಸುಣ್ಣದ ಗಾರೆ ಗಟ್ಟಿಯಾಗುವುದು ನಿಧಾನ. ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಂಡು ವರ್ಷಗಟ್ಟಲೆ ಮತ್ತೆ ಕಲ್ಲಾಗುತ್ತಾ ಹೋಗುತ್ತದೆ. ಗೋಡೆ ಸ್ವಲ್ಪ ಕುಸಿದರೂ ಒಡೆಯದೆ ಹೊಂದಿಕೊಳ್ಳುತ್ತದೆ, ತೇವವನ್ನು ಒಳಗೆ ಹಿಡಿದಿಡದೆ ಹೊರಕ್ಕೆ ಬಿಡುತ್ತದೆ. ಇಂಥ ಗೋಡೆಯ ಮೇಲೆ ಈಗಿನವರು ಸಿಮೆಂಟ್ ಪ್ಲಾಸ್ಟರ್ ಬಳಿದಾಗ ಆಗುವ ಅನಾಹುತಕ್ಕೆ ಕಾರಣ ಇದೇ: ತೇವ ಹೊರಗೆ ಬರಲು ದಾರಿಯಿಲ್ಲದೆ ಇಟ್ಟಿಗೆ ಒಳಗಿನಿಂದ ಪುಡಿಯಾಗುತ್ತದೆ. ಹಳೆಯ ಚರ್ಚುಗಳನ್ನು ಉಳಿಸಬೇಕೆನ್ನುವ ಯಾವ ಊರಿನ ಸಮಿತಿಯಾದರೂ ಮೊದಲು ತಿಳಿಯಬೇಕಾದ ಸಂಗತಿ ಇದು.

ಚಾವಣಿಯಲ್ಲಿ ಫ್ರಾನ್ಸಿನ ನೆನಪು ಪೂರ್ತಿ ಕೈಬಿಟ್ಟಿತು. ಕಲ್ಲಿನ ಕೊಳವೆ ಚಾವಣಿಯನ್ನು ಹೊರಲು ಮೀಟರುಗಟ್ಟಲೆ ದಪ್ಪದ ಗೋಡೆ ಬೇಕು. ಹಳ್ಳಿಗುಡಿಯ ಇಟ್ಟಿಗೆ ಗೋಡೆಗೆ ಆ ಶಕ್ತಿಯಿಲ್ಲ, ಸ್ವಾಮಿಗಳ ಹತ್ತಿರ ಆ ಹಣವೂ ಇಲ್ಲ. ಆದ್ದರಿಂದ ಮೊದಲು ನಾಡಹೆಂಚು ಅಥವಾ ಮದ್ರಾಸ್ ಟೆರೇಸ್: ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚು ನಿಲ್ಲಿಸಿ ಜೋಡಿಸಿ, ಮೇಲೆ ಇಟ್ಟಿಗೆ ಜಲ್ಲಿ ಬೆರೆಸಿದ ಗಾರೆ ಹಾಕಿ, ಹೆಣ್ಣಾಳುಗಳು ಸಾಲಾಗಿ ಕುಳಿತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡಿದ ಚಾವಣಿ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದ ಮೇಲೆ ಮಂಗಳೂರು ಹೆಂಚು ಒಳನಾಡಿಗೂ ಬಂತು. ಪ್ರೊಟೆಸ್ಟೆಂಟ್ ಜರ್ಮನರ ಹೆಂಚನ್ನು ಹೊದ್ದು ಕಥೋಲಿಕ್ ಫ್ರೆಂಚರ ಗುಡಿಗಳು ಮಳೆ ತಡೆದವು. ಇಳಿಜಾರು ಚಾವಣಿಗೆ ಮುಂದಿನ ಏರುಗೋಡೆ ಮುಖವಾಯಿತು; ಅದರ ನೆತ್ತಿಯಲ್ಲಿ ಶಿಲುವೆ, ಗಂಡಿಯಲ್ಲಿ ಗಂಟೆ, ಬಾಗಿಲ ಮೇಲೆ ಮಾತೆ ಮರಿಯಳ ಗೂಡು. ಪಟ್ಟಣಗಳಲ್ಲಿ ಗಾಥಿಕ್ ಮತ್ತೆ ಫ್ಯಾಷನ್ನಾಗಿದ್ದ ಕಾಲವಾದ್ದರಿಂದ ಕಿಟಕಿಗಳು ಚೂಪಾದವು. ಅದು ಮುಖದ ಒಡವೆ ಮಾತ್ರ.

ಈ ಬಗೆಯ ಕಟ್ಟಡಗಳಲ್ಲಿ ಮೇರುಕೃತಿ ಎನ್ನಬಹುದಾದದ್ದು ಹಾಸನದ ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯ. 1860ರ ದಶಕದಲ್ಲಿ ಫ್ರೆಂಚ್ ಸ್ವಾಮಿಗಳು ಕಟ್ಟಿಸಿದ್ದು. ಹಳ್ಳಿಗುಡಿಯಾದರೂ ಮನಸ್ಸು ದೊಡ್ಡದು: ಎತ್ತರದ ನಡುಸಾಲು, ಎರಡೂ ಕಡೆ ಕಮಾನುಗಳ ಸಾಲು, ಪೀಠದ ಹಿಂದೆ ಫ್ರಾನ್ಸಿನ ಹಳ್ಳಿಗಳಂತೆಯೇ ಬಾಗಿದ ಗೋಡೆ. 1979ರ ಸುಮಾರಿಗೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಪೂರೈಸಿದಾಗ ಊರು ಮುಳುಗಡೆಯಾಯಿತು. ಜನ ಬೇರೆಡೆಗೆ ಹೋದರು. ಗುಡಿ ನಿಂತಲ್ಲೇ ನಿಂತಿತು. ಅಂದಿನಿಂದ ಮಳೆಗಾಲ ಬಂದರೆ ಹಿನ್ನೀರು ಕಮಾನುಗಳ ಒಳಗೆ ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ. ಚಾವಣಿ ಹೋಗಿದೆ. ಉಳಿದ ಗೋಡೆ ನಾಲ್ಕು ದಶಕ ಈ ಏರಿಳಿತ ತಾಳಿಕೊಂಡಿದೆ ಎಂಬುದೇ ಗಾರೆ ಮೇಸ್ತ್ರಿಗಳ ಕೈಗೆ ಸಂದ ಪ್ರಶಸ್ತಿ.

ಶೆಟ್ಟಿಹಳ್ಳಿಯ ಗುಡಿಗೆ ಈಗ ಫೋಟೊ ತೆಗೆಯುವವರ, ಮದುವೆಗೆ ಮುಂಚಿನ ಚಿತ್ರೀಕರಣದವರ ಜಾತ್ರೆ. ಆ ಪಾಳು ಸುಂದರವಾಗಿದೆ ಎಂಬುದು ನಿಜ. ಆದರೆ ನೀರು ಇಳಿದಾಗ ಹತ್ತಿರ ಹೋಗಿ ಗೋಡೆ ನೋಡಿ. ನೀರು ಮುಟ್ಟುವ ಎತ್ತರದವರೆಗೆ ಇಟ್ಟಿಗೆಗಳ ನಡುವಿನ ಗಾರೆ ಕೊರೆದುಹೋಗಿ ಸಂದುಗಳು ಬಾಯಿ ಬಿಟ್ಟಿವೆ. ಮೇಲಿನ ಇಟ್ಟಿಗೆ ಮೈ ತುಂಬಿ ನಿಂತಿದ್ದರೆ ಕೆಳಗಿನವು ಅಂಚು ಸವೆದು ದುಂಡಗಾಗಿವೆ. ನೆನೆದು ಒಣಗಿ, ನೆನೆದು ಒಣಗಿ ಸುಣ್ಣ ಕರಗುತ್ತಿದೆ. ಗೋಡೆಗಳು ಆಗಾಗ ಕುಸಿಯುತ್ತಿವೆ. ಕೃಷ್ಣರಾಜಸಾಗರದಲ್ಲಿ ಮುಳುಗಡೆಯಾದ ಕನ್ನಂಬಾಡಿಯ ವೇಣುಗೋಪಾಲನ ಗುಡಿಯನ್ನು ಕಲ್ಲು ಕಲ್ಲು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಕಲ್ಲಿನ ಗುಡಿಗೆ ಅದು ಸಾಧ್ಯ. ಇಟ್ಟಿಗೆ-ಗಾರೆಯ ಗುಡಿಯನ್ನು ಬಿಚ್ಚಿ ಕಟ್ಟಲಾಗದು. ಇದ್ದಲ್ಲೇ ಸಂದು ತುಂಬಿ, ಗೋಡೆಯ ನೆತ್ತಿಗೆ ನೀರಿಳಿಯದಂತೆ ಗಾರೆ ಮುಚ್ಚಿಗೆ ಹಾಕಿ ಉಳಿಸಬೇಕು. ಬೇಸಿಗೆಯ ನೀರಿಲ್ಲದ ತಿಂಗಳುಗಳಲ್ಲಿ ಮಾಡಬಹುದಾದ ಕೆಲಸ ಅದು.

ಗುಡಿ ಊರಿನದಾದದ್ದು ಅದರ ಸುತ್ತ ನಡೆಯುವ ಬದುಕಿನಿಂದ. ಫ್ರಾನ್ಸಿನ ಹಳ್ಳಿಯಲ್ಲಿ ಹಬ್ಬದ ಮೆರವಣಿಗೆಗೆ ಸಂತನ ಪ್ರತಿಮೆಯನ್ನು ಹೆಗಲ ಮೇಲೆ ಹೊರುತ್ತಾರೆ. ಇಲ್ಲಿ ಅದಕ್ಕೆ ತೇರು ಬಂತು, ಹೂವಿನ ಅಲಂಕಾರ ಬಂತು, ತೇರಿಗೆ ಮೊದಲು ಬಾವುಟ ಏರಿಸುವ ಕಂಬ ಬಂತು. ಪೂಜೆಗೆ ಬರುವವರು ಚಪ್ಪಲಿ ಹೊರಗೆ ಬಿಟ್ಟರು, ಬೆಂಚಿನ ಬದಲು ನೆಲದ ಮೇಲೆ ಕುಳಿತರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಹೀಗೆ ಕುಳಿತುಕೊಳ್ಳುವ ಜನಕ್ಕೆ ಬೆಂಚಿನ ಲೆಕ್ಕದ ಅಂಕಣ ಬೇಕಾಗಲಿಲ್ಲ. ಚಿಕ್ಕ ಗುಡಿಯೇ ಬಹಳ ಜನಕ್ಕೆ ಸಾಕಾಯಿತು. ಮಳವಳ್ಳಿಯಾಚೆ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಶುಭ ಶುಕ್ರವಾರದ ಸಮಯಕ್ಕೆ ಯೇಸುವಿನ ಪಾಡಿನ ನಾಟಕ ನೂರು ವರ್ಷಕ್ಕೂ ಮೀರಿ ನಡೆದುಬಂದಿದೆ. ವೇಷ ಕಟ್ಟುವವರು ಊರಿನ ರೈತರೇ. ಕೆ.ಆರ್. ನಗರ ತಾಲ್ಲೂಕಿನ ಡೋರನಹಳ್ಳಿಯ ಸಂತ ಅಂತೋಣಿಯ ಗುಡಿಯ ಸ್ಥಳಪುರಾಣವಂತೂ ನಮ್ಮ ಯಾವ ಉದ್ಭವಮೂರ್ತಿಯ ಕಥೆಗೂ ಕಡಿಮೆಯಿಲ್ಲ: ಉಳುವ ರೈತನ ನೇಗಿಲಿಗೆ ಮರದ ಪ್ರತಿಮೆ ಸಿಕ್ಕಿತು, ಅದು ಅವನ ಕನಸಿನಲ್ಲಿ ಬಂದು ಗುಡಿ ಕೇಳಿತು ಎನ್ನುತ್ತಾರೆ. ಅಲ್ಲಿಗೆ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಮತದವರೂ ಇದ್ದಾರೆ. 2019ರಲ್ಲಿ ಆ ಗುಡಿಗೆ ಬಸಿಲಿಕದ ಪದವಿ ಸಿಕ್ಕಿತು.

ಪಟ್ಟಣದ ದೊಡ್ಡ ಚರ್ಚುಗಳ ಕಥೆ ಬೇರೆ, ಚಿಕ್ಕದು. ಶಿವಾಜಿನಗರದ ಸಂತ ಮರಿಯಮ್ಮನ ಚರ್ಚನ್ನು ಗಾಥಿಕ್ ರೂಪದಲ್ಲಿ ಕಟ್ಟಿಸಿದ ಕ್ಲೈನರ್ ಸ್ವಾಮಿಗಳು 1882ರಲ್ಲಿ ಅದನ್ನು ಮುಗಿಸಿ, 1890ರಲ್ಲಿ ಮೈಸೂರಿನ ಬಿಷಪ್ಪರೇ ಆದರು. ಮೈಸೂರಿನ ಸಂತ ಫಿಲೋಮಿನಾಕ್ಕೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. ನಕ್ಷೆ ಡಾಲಿ ಎಂಬ ಫ್ರೆಂಚನದು, ಮಾದರಿ ಜರ್ಮನಿಯ ಕಲೋನ್ ಕೆಥೆಡ್ರಲ್‌ನದು. ಅವು ಭವ್ಯ. ಆದರೆ ಅವು ಹಳ್ಳಿಯ ಕೈ ಕಟ್ಟಿದ್ದಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿ ಪಟ್ಟಣಗಳ ಮಾತು ಇನ್ನೂ ಬೇರೆ. ಮದ್ದೂರಿಗೆ ಜೀವ ಕೊಟ್ಟದ್ದು 1880ರ ದಶಕದ ಆರಂಭದ ರೈಲು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೆ ಹೊರಗಿನ ಜನ ಬಂದದ್ದು 1902ರ ವಿದ್ಯುದಾಗಾರದಿಂದ. ಮಂಡ್ಯ ಊರಾಗಿ ಬೆಳೆದದ್ದು ನಾಲೆ ನೀರಿನಿಂದ, 1933ರ ಸಕ್ಕರೆ ಕಾರ್ಖಾನೆಯಿಂದ, 1939ರಲ್ಲಿ ಜಿಲ್ಲಾ ಕೇಂದ್ರವಾದದ್ದರಿಂದ. ಇಲ್ಲಿಯ ಚರ್ಚುಗಳಿಗೆ ಗಂಜಾಂ, ಪಾಲಹಳ್ಳಿಗಳ ವಯಸ್ಸಿಲ್ಲ. 2010ರಲ್ಲಿ ಕೇರಳ ಮೂಲದ ಸಿರೊ-ಮಲಬಾರ್ ಕಥೋಲಿಕರಿಗಾಗಿ ಮಂಡ್ಯ ಧರ್ಮಪ್ರಾಂತ ಏರ್ಪಟ್ಟಿತು. ಅವರ ಪೂಜಾಕ್ರಮವೂ ಕಟ್ಟಡದ ಪರಂಪರೆಯೂ ಸಂತ ತೋಮನ ಕಾಲಕ್ಕೆ ಹೋಗುತ್ತದೆಂದು ಅವರ ನಂಬಿಕೆ. ಅದು ಪ್ರತ್ಯೇಕ ಲೇಖನಕ್ಕೆ ವಸ್ತು.

ಇನ್ನು ಉಳಿವಿನ ಪ್ರಶ್ನೆ. ಫ್ರಾನ್ಸಿನಲ್ಲಿ ಕ್ರಾಂತಿಯ ನಾಶದ ನಂತರ ಎಚ್ಚರ ಬಂತು. 1834ರಲ್ಲಿ ಐತಿಹಾಸಿಕ ಸ್ಮಾರಕಗಳ ತನಿಖಾಧಿಕಾರಿಯಾದ ಕಥೆಗಾರ ಪ್ರಾಸ್ಪೆ ಮೆರಿಮೆ ಕುದುರೆಗಾಡಿಯಲ್ಲಿ ಊರೂರು ಸುತ್ತಿ ಪಟ್ಟಿ ಮಾಡಿದ. 1905ರ ಕಾನೂನು ಧರ್ಮವನ್ನೂ ಸರ್ಕಾರವನ್ನೂ ಬೇರ್ಪಡಿಸಿದಾಗ, ಅದಕ್ಕೆ ಮೊದಲು ಕಟ್ಟಿದ ಹಳ್ಳಿಚರ್ಚುಗಳು ಆಯಾ ಊರಿನ ಪಂಚಾಯಿತಿಯ ಆಸ್ತಿಯಾಗಿ ಉಳಿದವು. ಪೂಜೆ ಪಾದ್ರಿಯದು, ಹೆಂಚು ಊರಿನದು. ನಾಸ್ತಿಕ ಮೇಯರ್ ಕೂಡ ಚರ್ಚಿನ ಚಾವಣಿಗೆ ಬಜೆಟ್ಟಿನಲ್ಲಿ ಹಣ ಹುಡುಕಬೇಕು. ಎಷ್ಟೋ ಊರುಗಳಿಗೆ ಅದು ಭಾರವಾಯಿತು. 1914ರಲ್ಲಿ ಮೊರೀಸ್ ಬಾರೆಸ್ ಈ ಗುಡಿಗಳ ದುಃಸ್ಥಿತಿಯ ಮೇಲೆ ಇಡೀ ಪುಸ್ತಕ ಬರೆದ. ಇಂದೂ ಭಕ್ತರಿಲ್ಲದ ಚರ್ಚುಗಳನ್ನು ಏನು ಮಾಡುವುದು ಎಂದು ಅಲ್ಲಿ ಚರ್ಚೆ ನಿಂತಿಲ್ಲ. ಅವರ ತೊಂದರೆ ಜನರಿಲ್ಲದ ಗುಡಿ.

ನಮ್ಮ ತೊಂದರೆ ಅದಕ್ಕೆ ನೇರ ವಿರುದ್ಧ. ಭಕ್ತರು ಹೆಚ್ಚಿದ್ದಾರೆ, ಹಬ್ಬಕ್ಕೆ ಗುಡಿ ಸಾಲದು. ಊರಿನ ಮಕ್ಕಳು ಬೆಂಗಳೂರಿನಲ್ಲಿ ದುಡಿದು ಹಣ ಕಳಿಸುತ್ತಾರೆ. ಬೆಳ್ಳಿಹಬ್ಬವೋ ಶತಮಾನೋತ್ಸವವೋ ಬಂದರೆ ಹಳೆಯದನ್ನು ಕೆಡವಿ ಕಾಂಕ್ರೀಟಿನ ದೊಡ್ಡ ಚರ್ಚು. ಆ ಆಸೆಯನ್ನು ನಾನು ತೆಗಳಲಾರೆ. ತಮ್ಮ ದೇವರಿಗೆ ದೊಡ್ಡ ಮನೆ ಬೇಕೆನ್ನುವುದು ಬಸರಾಳಿನ ಕಾಲದ ಆಸೆಯೇ. ಕೆಡವುವ ಮೊದಲು ಒಂದು ಅಳತೆಯ ನಕ್ಷೆ, ಹತ್ತು ಚಿತ್ರ, ಅಡಿಗಲ್ಲಿನ ಬರಹದ ಒಂದು ಪ್ರತಿಯಾದರೂ ತೆಗೆದಿಡುವ ವ್ಯವಸ್ಥೆ ಇಲ್ಲದಿರುವುದು ನನ್ನ ದೂರು. 1961ರ ರಾಜ್ಯ ಪುರಾತತ್ತ್ವ ಕಾಯ್ದೆಯಡಿ ಕಟ್ಟಡವನ್ನು ರಕ್ಷಿತ ಎಂದು ಘೋಷಿಸಲು ಅವಕಾಶವಿದೆ. ಆದರೆ ಸ್ಮಾರಕ ಎಂದರೆ ಶಿಲ್ಪವಿರುವ ಕಲ್ಲು ಎಂಬ ನಮ್ಮ ಎಣಿಕೆಯಲ್ಲಿ ಸುಣ್ಣ ಬಳಿದ ಇಟ್ಟಿಗೆ ಗೋಡೆಗೆ ಜಾಗವಿಲ್ಲ. ಇತಿಹಾಸಕಾರರಿಗೆ ಅದು ಹೊರಗಿನವರ ಕಟ್ಟಡ, ಹೊರಗಿನಿಂದ ನೋಡುವವರಿಗೆ ಅದು ಗಾಥಿಕ್‌ನ ಬಡ ನಕಲು. ಅದನ್ನು ಕಟ್ಟಿದ ಗಾರೆ ಮೇಸ್ತ್ರಿ ಇಬ್ಬರ ಲೆಕ್ಕದಲ್ಲೂ ಇಲ್ಲ.

ಹಳೆಯ ಗುಡಿ ಊರಿನ ಮುಖ್ಯ ಚರ್ಚಾಗಿ ಉಳಿಯದಿದ್ದರೂ ಹೊಸದರ ಜೊತೆಯಲ್ಲಿ ಉಳಿಯಬಹುದು. ಹೊಸ ಚರ್ಚನ್ನು ಪಕ್ಕದಲ್ಲಿ ಕಟ್ಟಿ ಹಳೆಯದನ್ನು ವಾರದ ದಿನಗಳ ಪೂಜೆಗೋ ಜಪಸರಕ್ಕೋ ಬಿಟ್ಟುಕೊಟ್ಟರೆ ಸಾಕು. ಬಳಕೆಯಲ್ಲಿರುವ ಗುಡಿಯ ಹೆಂಚು ಒಡೆದರೆ ಯಾರಾದರೂ ಗಮನಿಸುತ್ತಾರೆ. ದಾಖಲೆಯ ಕೆಲಸಕ್ಕೂ ಈಗಲೇ ಕೈಹಾಕಬೇಕು. ಪ್ಯಾರಿಸ್ಸಿನ ಮಿಷನ್ ಸಂಘದ ದಫ್ತರಖಾನೆಯಲ್ಲಿ ಇಲ್ಲಿಂದ ಸ್ವಾಮಿಗಳು ಬರೆದ ಪತ್ರಗಳು, ವಾರ್ಷಿಕ ವರದಿಗಳು, ತೀರಿಕೊಂಡ ಪ್ರತಿಯೊಬ್ಬರ ಚರಿತ್ರೆ ಭದ್ರವಾಗಿವೆ. ಇಲ್ಲಿಯ ಚರ್ಚುಗಳ ಬೀರುಗಳಲ್ಲಿರುವ ಲ್ಯಾಟಿನ್ ದಫ್ತರಗಳನ್ನು ಗೆದ್ದಲು ಮುಟ್ಟುವ ಮೊದಲು ಚಿತ್ರ ತೆಗೆದಿಟ್ಟು, ಆ ಪತ್ರಗಳ ಜೊತೆ ಓದಿದರೆ ಯಾವ ವರ್ಷ ಯಾವ ಗೋಡೆ ಎದ್ದಿತು, ಯಾರ ಹಣ, ಯಾವ ಬರಗಾಲದಲ್ಲಿ ಕೆಲಸ ನಿಂತಿತು ಎಂಬುದೆಲ್ಲ ಊರಿಗೂರು ತಿಳಿಯುತ್ತದೆ. ಫ್ರೆಂಚ್ ಬಲ್ಲ ಒಬ್ಬರು, ಅಳತೆ ಟೇಪು ಹಿಡಿಯಬಲ್ಲ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಊರಿನ ಹಿರಿಯರೊಬ್ಬರು ಇದ್ದರೆ ಗಂಜಾಂ ಮತ್ತು ಪಾಲಹಳ್ಳಿಯಿಂದ ಈ ಬೇಸಿಗೆಯಲ್ಲೇ ಶುರುಮಾಡಬಹುದು. ಶೆಟ್ಟಿಹಳ್ಳಿಗೆ ನೀರು ಏರುವ ಮೊದಲು ಅಲ್ಲಿಯ ಗೋಡೆಗಳ ಅಳತೆಯೂ ಮುಗಿಯಬೇಕು.